ಬಟ್ಟಲು ಖಾಲಿಯಾಗಿತ್ತು, ಮೊಲ ತಿಂದಿರಲಿಲ್ಲ: ಒಂದು ಪ್ರಕರಣ ಅಧ್ಯಯನ

ಮೊಲ ತಿನ್ನೋದು ಬಿಟ್ಟಿದೆ ಎಂದು ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ತಡವಾಗಿ ಬರುತ್ತವೆ. ಸಾಕಿದವರಿಗೆ ಕಾಳಜಿ ಇಲ್ಲ ಅಂತಲ್ಲ. ನೋವನ್ನು ಮುಚ್ಚಿಡೋದು ಮೊಲದ ಸ್ವಭಾವ. ನರಳಿದರೆ ಬೇಟೆಗಾರ ಪ್ರಾಣಿಯ ಕಣ್ಣಿಗೆ ಬೀಳುತ್ತೇನೆ ಎಂಬ ಹೆದರಿಕೆ ಅದರ ರಕ್ತದಲ್ಲೇ ಇದೆ. ನಾಯಿಯ ಹಾಗೆ ಬಂದು ಮುಖ ನೋಡುವುದಿಲ್ಲ, ಬೆಕ್ಕಿನ ಹಾಗೆ ಕೂಗುವುದೂ ಇಲ್ಲ. ಸುಮ್ನೆ ಒಂದು ಮೂಲೆಯಲ್ಲಿ ಕೂತುಬಿಡುತ್ತದೆ.

ಈ ಪ್ರಕರಣದಲ್ಲಿ ಫೋನು ಸಮಯಕ್ಕೆ ಸರಿಯಾಗಿ ಬಂತು. ಮನೆಯ ಹುಡುಗಿ ಮಾಡಿದ ಒಂದು ಸಣ್ಣ ಕೆಲಸ ಅದಕ್ಕೆ ಕಾರಣ. ಆಮೇಲೆ ನಡೆದದ್ದರಲ್ಲೂ ಕಲಿಯುವುದು ಬಹಳ ಇದೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮೊಲದ ಹೆಸರನ್ನೂ ಬದಲಿಸಿ ಇಲ್ಲಿ ಬೂದಿ ಎಂದು ಕರೆಯುತ್ತೇನೆ.

ಹಿನ್ನೆಲೆ

ಬೂದಿ ನಾಲ್ಕು ವರ್ಷದ ಜೋಲುಕಿವಿಯ ಹೆಣ್ಣು ಮೊಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ತೂಕ ಎರಡು ಕಿಲೋ ಆಸುಪಾಸು. ಅದರ ಜೊತೆಗೆ ಒಂದು ಗಂಡು ಮೊಲ. ಎರಡೂ ಹಗಲೂ ರಾತ್ರಿ ಒಟ್ಟಿಗೇ ಇರುತ್ತಿದ್ದವು. ಒಂದೇ ಬಟ್ಟಲು, ಒಂದೇ ಹುಲ್ಲಿನ ಗೂಡೆ, ಹಿಕ್ಕೆ ಹಾಕಲು ಒಂದೇ ಟ್ರೇ. ಆರೈಕೆಯಲ್ಲಿ ಬೆರಳು ತೋರಿಸುವಂಥದ್ದು ಏನೂ ಇರಲಿಲ್ಲ. ಒಣಹುಲ್ಲು ಯಾವಾಗಲೂ ಇರುತ್ತಿತ್ತು, ಪೆಲೆಟ್ ಎಂಬ ಗುಳಿಗೆಯಂಥ ಒಣ ಆಹಾರವನ್ನು ಅಳತೆ ಮಾಡಿ ಹಾಕುತ್ತಿದ್ದರು, ಸಂಜೆ ಸೊಪ್ಪು ಕೊಡುತ್ತಿದ್ದರು. ಓಡಾಡಲು ಜಾಗವೂ ಇತ್ತು.

ಆದರೆ ಕೆಲವು ವಾರಗಳಿಂದ ಬೂದಿ ಒಣಹುಲ್ಲಿನ ಹತ್ತಿರ ಕಡಿಮೆ ಹೋಗುತ್ತಿತ್ತು. ಹೊಸದಾಗಿ ತಂದ ಹುಲ್ಲು ಇಷ್ಟ ಆಗಿಲ್ಲವೇನೋ ಎಂದು ಮನೆಯವರು ಅಂದುಕೊಂಡರು. ಪೆಲೆಟ್ ತಿನ್ನುತ್ತಿತ್ತು, ಸೊಪ್ಪಿಗೆ ಓಡಿ ಬರುತ್ತಿತ್ತು. ಗಲ್ಲದ ಕೆಳಗಿನ ಕೂದಲು ಆಗೊಮ್ಮೆ ಈಗೊಮ್ಮೆ ಒದ್ದೆಯಾಗಿರುತ್ತಿತ್ತು. ನೀರು ಕುಡಿದಾಗ ತಾಗಿರಬೇಕು ಎಂದುಕೊಂಡರು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸಣ್ಣ ವಿಷಯ. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಆ ಸಂಜೆ

ಸೊಪ್ಪು ಇಟ್ಟಾಗ ಬೂದಿ ಎಂದಿನಂತೆ ಬಂತು. ಕೊತ್ತಂಬರಿ ಎಸಳನ್ನು ಮೂಸಿತು, ಬಾಯಲ್ಲಿ ಹಿಡಿಯಿತು, ಎರಡು ಸಲ ಅಗಿದು ಕೆಳಗೆ ಬಿಟ್ಟಿತು. ಮತ್ತೆ ಎತ್ತಿಕೊಂಡಿತು, ಮತ್ತೆ ಬಿಟ್ಟಿತು. ಆಮೇಲೆ ತಿರುಗಿ ಹೋಗಿ ಗೋಡೆ ಪಕ್ಕ ಕೂತಿತು. ಮುಂಗಾಲನ್ನು ಒಳಕ್ಕೆ ಎಳೆದುಕೊಂಡು, ಬೆನ್ನು ಗೂನಾಗಿಸಿ, ಕಣ್ಣು ಅರ್ಧ ಮುಚ್ಚಿ. ಈ ಎಲ್ಲವನ್ನೂ ಮನೆಯ ಹುಡುಗಿ ಫೋನಿನಲ್ಲಿ ಹೇಳಿದ್ದು ಹೀಗೇ, ಒಂದೊಂದಾಗಿ. ಪರೀಕ್ಷೆಯ ವರದಿಗಿಂತ ಮೊದಲು ನನಗೆ ಸಿಕ್ಕ ಒಳ್ಳೆಯ ಸುಳಿವು ಇದೇ. ತಿನ್ನಲು ಮನಸ್ಸಿಲ್ಲದ ಮೊಲ ಆಹಾರದ ಹತ್ತಿರವೇ ಬರುವುದಿಲ್ಲ. ಹತ್ತಿರ ಬಂದು, ಬಾಯಿಗೆ ಹಾಕಿಕೊಂಡು ಬಿಟ್ಟರೆ ಹಸಿವಿದೆ, ಬಾಯಲ್ಲಿ ನೋವಿದೆ ಎಂಬ ಅನುಮಾನ ಬರಬೇಕು.

ಅಮ್ಮ ಬಟ್ಟಲು ನೋಡಿದರು, ಪೆಲೆಟ್ ಖಾಲಿಯಾಗಿತ್ತು. ಟ್ರೇ ನೋಡಿದರು, ಹಿಕ್ಕೆ ಬೇಕಾದಷ್ಟಿತ್ತು. "ಬೆಳಗ್ಗೆ ಚೆನ್ನಾಗಿ ತಿಂದಿದೆ, ಅದಕ್ಕೇ ಈಗ ಬೇಡ ಅನ್ನಿಸಿರುತ್ತೆ" ಎಂದರು. ಎರಡು ಮೊಲ ಇರುವ ಮನೆಯಲ್ಲಿ ಇದು ತುಂಬ ಸಹಜವಾದ ತರ್ಕ. ಆದರೆ ಬಟ್ಟಲು ಖಾಲಿ ಮಾಡಿದ್ದು ಯಾರು, ಹಿಕ್ಕೆ ಹಾಕಿದ್ದು ಯಾರು ಎಂದು ಬಟ್ಟಲೂ ಹೇಳುವುದಿಲ್ಲ, ಟ್ರೇಯೂ ಹೇಳುವುದಿಲ್ಲ.

ಹುಡುಗಿಗೆ ಸಮಾಧಾನ ಆಗಲಿಲ್ಲ. ಅವಳು ಎರಡರ ನಡುವೆ ಜಾಲರಿಯ ತಡೆ ಇಟ್ಟಳು. ಒಂದನ್ನೊಂದು ನೋಡಬಹುದು, ಮೂಸಬಹುದು, ಆದರೆ ದಾಟುವಂತಿಲ್ಲ. ಬೂದಿಯ ಕಡೆ ಒಂದು ಬಿಳಿ ಬಟ್ಟೆ ಹಾಸಿದಳು, ಎಣಿಸಿದ ಪೆಲೆಟ್ ಇಟ್ಟಳು. ಎರಡು ಗಂಟೆ ಬಿಟ್ಟು ನೋಡಿದರೆ ಪೆಲೆಟ್ ಇಟ್ಟ ಹಾಗೇ ಇತ್ತು. ಬಟ್ಟೆಯ ಮೇಲೆ ನಾಲ್ಕೈದು ಹಿಕ್ಕೆ ಮಾತ್ರ, ಅದೂ ಕಾಳುಮೆಣಸಿನ ಗಾತ್ರದ್ದು, ಗಟ್ಟಿಯಾಗಿ, ಒಂದು ಕಡೆ ಚೂಪಾಗಿ. ಅತ್ತ ಕಡೆ ಗಂಡು ಮೊಲ ಒಂದು ರಾಶಿ ದುಂಡನೆಯ ಹಿಕ್ಕೆ ಹಾಕಿತ್ತು. ಆಗ ಫೋನು ಬಂತು.

ಬೆಳಗಿನವರೆಗೆ ಕಾಯಬಹುದೇ?

ಮನೆಯವರು ಕೇಳಿದ ಮೊದಲ ಪ್ರಶ್ನೆ ಇದೇ. ಬೇಡ ಎಂದೆ. ಯಾಕೆ ಎಂದು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

ಮೊಲದ ಕರುಳು ಬಿಡುವಿಲ್ಲದೆ ಕೆಲಸ ಮಾಡುವಂಥದ್ದು. ನಾರು ಸತತವಾಗಿ ಒಳಗೆ ಹೋಗುತ್ತಿರಬೇಕು, ಆಗ ಮಾತ್ರ ಅದು ಚಲಿಸುತ್ತದೆ. ಹೊಟ್ಟೆಯೊಳಗೆ ಸೀಕಮ್ ಎಂಬ ದೊಡ್ಡ ಚೀಲ ಇದೆ. ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅಲ್ಲಿ ನಾರನ್ನು ಹುದುಗಿಸುತ್ತವೆ. ಮೊಲ ತಿನ್ನೋದು ನಿಲ್ಲಿಸಿದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಒಣಗಿ ಗಟ್ಟಿಯಾಗುತ್ತದೆ, ಸೀಕಮ್‌ನ ಸಮತೋಲನ ಕೆಟ್ಟು ಗ್ಯಾಸ್ ತುಂಬುತ್ತದೆ. ಗ್ಯಾಸ್‌ನಿಂದ ನೋವು, ನೋವಿನಿಂದ ಇನ್ನಷ್ಟು ತಿನ್ನದಿರುವುದು. ಇದನ್ನೇ ಜಿಐ ಸ್ಟೇಸಿಸ್ ಎನ್ನುತ್ತಾರೆ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಒಳಗಿದ್ದದ್ದು ಮೇಲಿನಿಂದ ಹೊರಬರುವ ದಾರಿಯಿಲ್ಲ. ಜೊತೆಗೆ ಉಪವಾಸ ಬಿದ್ದ ದೇಹ ಕೊಬ್ಬನ್ನು ಕರಗಿಸಿಕೊಳ್ಳಲು ಶುರುಮಾಡಿದರೆ ಆ ಕೊಬ್ಬು ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ದಪ್ಪಗಿರುವ ಮೊಲಗಳಲ್ಲಿ ಈ ಅಪಾಯ ಜಾಸ್ತಿ. ಅದಕ್ಕೇ 10ರಿಂದ 12 ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತುರ್ತು ಪ್ರಕರಣ ಎಂದೇ ನೋಡುತ್ತೇವೆ. ಬೂದಿ ಕೊನೆಯ ಸಲ ಯಾವಾಗ ತಿಂದಿತ್ತು ಎಂದು ಆ ರಾತ್ರಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಹೆಚ್ಚು ಹೊತ್ತಾಗಿದೆ ಎಂದೇ ಲೆಕ್ಕ ಹಾಕಬೇಕು.

ಫೋನಿನಲ್ಲೇ ಇನ್ನೆರಡು ನಿರ್ಧಾರ ಆದವು. "ಡಾಕ್ಟ್ರೇ, ಪೆಲೆಟ್ ನೆನೆಸಿ ಸಿರಿಂಜಿನಲ್ಲಿ ಕುಡಿಸಲಾ?" ಎಂದು ಹುಡುಗಿ ಕೇಳಿದಳು. ಈಗಲೇ ಬೇಡಮ್ಮ ಎಂದೆ. ಹೊಟ್ಟೆಯಲ್ಲಿ ಅಡಚಣೆ ಇದ್ದರೆ, ಅಂದರೆ ಕೂದಲ ಉಂಡೆಯೋ ಮತ್ತೇನೋ ಕರುಳಲ್ಲಿ ಸಿಕ್ಕಿಕೊಂಡಿದ್ದರೆ, ಮೇಲಿನಿಂದ ತುಂಬಿಸುವುದು ಉಬ್ಬಿದ ಹೊಟ್ಟೆಯನ್ನು ಇನ್ನೂ ಉಬ್ಬಿಸಿದ ಹಾಗೆ. ಹೊಟ್ಟೆ ಹೇಗಿದೆ ಎಂದು ನೋಡಿದ ಮೇಲೆಯೇ ತಿನ್ನಿಸುವ ಮಾತು.

ಆಮೇಲೆ ಅಮ್ಮ ಫೋನು ತೆಗೆದುಕೊಂಡರು. ಹಿಂದೆ ಮನೆಯ ನಾಯಿಗೆ ಬರೆದುಕೊಟ್ಟಿದ್ದ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಸಿರಪ್ ಉಳಿದಿದೆ, ಒಂದು ತೊಟ್ಟು ಹಾಕಲಾ ಎಂದರು. ಇದಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಬೇಡ ಎಂದೆ. ನಾಯಿಗೆ ಒಗ್ಗುವ ಆ ಔಷಧಿಯನ್ನು ಮೊಲದ ಬಾಯಿಗೆ ಹಾಕಿದರೆ ಸೀಕಮ್‌ನ ಒಳ್ಳೆಯ ಜೀವಿಗಳು ಸಾಯುತ್ತವೆ, ವಿಷ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಆ ಜಾಗ ಹಿಡಿಯುತ್ತವೆ. ಮೊಲ ಅದರಿಂದಲೇ ಸತ್ತುಹೋಗಬಹುದು. ಮನೆಯಲ್ಲಿ ಮೊಲದ ಜೊತೆ ಬೇರೆ ಪ್ರಾಣಿಯೂ ಇದ್ದರೆ ದಯವಿಟ್ಟು ಇದನ್ನು ನೆನಪಿಡಿ.

ಕಿವಿ ಮುಟ್ಟಿ ನೋಡಿ ಎಂದೆ. ತಣ್ಣಗಿದೆ ಎಂದರು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟುಕೊಂಡು ಕರೆತನ್ನಿ, ಬೇಕಾದರೆ ದೂರ ಸರಿಯಲು ಜಾಗ ಇರಲಿ, ಗಂಡು ಮೊಲವನ್ನೂ ತನ್ನಿ ಎಂದೆ. ಜೋಡಿಯಾಗಿ ಬೆಳೆದ ಮೊಲವನ್ನು ಕಾಯಿಲೆ ಬಿದ್ದ ಹೊತ್ತಿನಲ್ಲಿ ಒಂಟಿ ಮಾಡಿದರೆ ಗಾಬರಿ ಹೆಚ್ಚಾಗುತ್ತದೆ. ಗಾಬರಿಯೂ ಕರುಳನ್ನು ನಿಲ್ಲಿಸುತ್ತದೆ.

ಮೇಜಿನ ಮೇಲೆ

ಮೈಯುಷ್ಣ 37.6 ಡಿಗ್ರಿ ಸೆಲ್ಸಿಯಸ್ ಇತ್ತು. ಆರೋಗ್ಯವಾಗಿರುವ ಮೊಲಕ್ಕೆ 38.5ರಿಂದ 40 ಇರಬೇಕು. 38ಕ್ಕಿಂತ ಕೆಳಗೆ ಬಂದರೆ ನನಗೆ ಜ್ವರಕ್ಕಿಂತ ಹೆಚ್ಚು ಭಯ. ಹಲ್ಲು ಕಡಿಯುವ ಸದ್ದು ಹತ್ತಿರ ನಿಂತರೆ ಕೇಳುತ್ತಿತ್ತು. ತಲೆ ಸವರಿದಾಗ ಖುಷಿಯಿಂದ ಮಾಡುವ ಮೆಲ್ಲನೆಯ ಸದ್ದಲ್ಲ, ಒರಟಾದ, ಬಿಟ್ಟು ಬಿಟ್ಟು ಬರುವ ಸದ್ದು. ಅದು ನೋವಿನ ಗುರುತು. ಹೊಟ್ಟೆ ಮುಟ್ಟಿದರೆ ಕಲಸಿಟ್ಟ ಹಿಟ್ಟಿನ ಹಾಗೆ ಇತ್ತು, ಒತ್ತಿದ ಬೆರಳಿನ ಗುರುತು ಉಳಿಯುವಷ್ಟು. ಸ್ಟೆತಾಸ್ಕೋಪ್ ಇಟ್ಟರೆ ಕರುಳಿನ ಸದ್ದು ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬೇಕಿತ್ತು: ಕರುಳು ನಿಂತಿದೆಯೋ, ಮುಚ್ಚಿಹೋಗಿದೆಯೋ? ಎರಡರಲ್ಲೂ ಮೊಲ ತಿನ್ನುವುದಿಲ್ಲ, ಎರಡರಲ್ಲೂ ಗೂನಾಗಿ ಕೂರುತ್ತದೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಅಡಚಣೆ ಇದ್ದಾಗ ಕರುಳಿನ ಚಲನೆ ಹೆಚ್ಚಿಸುವ ಔಷಧಿ ಕೊಟ್ಟರೆ ಕರುಳು ಹರಿಯುವ ಅಪಾಯವಿದೆ. ಎಕ್ಸ್‌ರೇಯಲ್ಲಿ ಬೂದಿಯ ಹೊಟ್ಟೆ ಬಲೂನಿನಂತೆ ದುಂಡಗೆ ಊದಿಕೊಂಡಿರಲಿಲ್ಲ. ಒಳಗಿದ್ದ ಗಟ್ಟಿ ಆಹಾರದ ಸುತ್ತ ತೆಳುವಾಗಿ ಗ್ಯಾಸ್ ಕಾಣಿಸುತ್ತಿತ್ತು, ಸೀಕಮ್‌ನಲ್ಲೂ ಸ್ವಲ್ಪ ಗ್ಯಾಸ್ ಇತ್ತು. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 190 ಮಿಲಿಗ್ರಾಂ. ಇದು ಮಾಮೂಲಿಗಿಂತ ಜಾಸ್ತಿಯೇ, ಆದರೆ ನೋವು ಮತ್ತು ಗಾಬರಿಯಿಂದಲೂ ಇಷ್ಟು ಏರುತ್ತದೆ. 360 ದಾಟಿದ್ದರೆ ಅಡಚಣೆಯ ಅನುಮಾನ ಬಲವಾಗುತ್ತಿತ್ತು. ಹೊಟ್ಟೆ ಮುಟ್ಟಿ ನೋಡಿದ್ದು, ಚಿತ್ರ, ಗ್ಲೂಕೋಸ್, ಮೂರೂ ಒಂದೇ ಮಾತು ಹೇಳಿದವು. ಕರುಳು ನಿಂತಿದೆ, ಮುಚ್ಚಿಲ್ಲ.

ಚಿಕಿತ್ಸೆಯಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ಅದನ್ನು ಕೊಡುವ ಕ್ರಮ. ಮೊದಲು ಮೈ ಬಿಸಿ ಮಾಡಿದೆವು. ಜೊತೆಗೇ ನೋವಿಗೆ ಬ್ಯೂಪ್ರೆನಾರ್ಫಿನ್, ಚರ್ಮದಡಿಗೆ ಬೆಚ್ಚಗಿನ ದ್ರವ. ಮೆಲಾಕ್ಸಿಕಾಮ್ ಒಳ್ಳೆಯ ನೋವುನಿವಾರಕವೇ. ಆದರೆ ನೀರು ಆರಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ. ಹಾಗಾಗಿ ದ್ರವ ಹಿಡಿದ ಮೇಲೆ ಕೊಟ್ಟೆವು. ಉಷ್ಣ 38 ದಾಟಿದ ನಂತರ ಕರುಳಿನ ಚಲನೆಯ ಔಷಧಿ. ಕೊನೆಗೆ, ಹೊತ್ತು ಮೂಡುವ ಮುಂಚೆ, ನಾರಿನ ಪುಡಿ ಕಲಸಿದ ಆಹಾರ ಸಿರಿಂಜಿನಲ್ಲಿ. ತಣ್ಣಗಿರುವ, ನೋವಿನಲ್ಲಿರುವ ಮೊಲಕ್ಕೆ ಮೊದಲೇ ಬಲವಂತವಾಗಿ ತಿನ್ನಿಸಿದರೆ ಅದು ಹೆದರಿ ಇನ್ನಷ್ಟು ಮುದುಡಿಕೊಳ್ಳುತ್ತದೆ. ನೋವು ಇಳಿದ ಮೇಲೆ ಅದೇ ಮೊಲ ಸಿರಿಂಜನ್ನು ತಾನೇ ಕಚ್ಚಿ ಹಿಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆ ರಾತ್ರಿ ಬಾಯನ್ನೂ ನೋಡಿದೆವು. ಮುಂದಿನ ಬಾಚಿಹಲ್ಲು ಸರಿಯಾಗಿದ್ದವು. ಹಿಂದಿನ ದವಡೆ ಹಲ್ಲುಗಳು ಎಚ್ಚರವಿರುವ ಮೊಲದಲ್ಲಿ ಸರಿಯಾಗಿ ಕಾಣುವುದಿಲ್ಲ. ಬಾಯಿ ಕಿರಿದು, ಕೆನ್ನೆ ಒಳಗೆ ಮಡಚಿಕೊಳ್ಳುತ್ತದೆ, ನಾಲಿಗೆ ಅಡ್ಡ ಬರುತ್ತದೆ. ಕಂಡಷ್ಟರಲ್ಲಿ ಏನೂ ತಪ್ಪು ಕಾಣಲಿಲ್ಲ. ಕಂಡಿಲ್ಲ ಎಂದರೆ ಇಲ್ಲ ಎಂದಲ್ಲ. ಅರಿವಳಿಕೆ ಕೊಟ್ಟು ನೋಡಬೇಕು, ಆದರೆ 37.6 ಡಿಗ್ರಿಯ ಮೊಲಕ್ಕೆ ಅರಿವಳಿಕೆ ಕೊಡುವ ಹೊತ್ತು ಅದಲ್ಲ. ಚೇತರಿಸಿಕೊಂಡ ಮೇಲೆ ನೋಡೋಣ ಎಂದು ಬರೆದಿಟ್ಟೆವು.

ಮನೆಯಲ್ಲಿ

ಮಾರನೆಯ ದಿನ ಮಧ್ಯಾಹ್ನ ಮೊದಲ ಹಿಕ್ಕೆ ಬಂತು. ಚಿಕ್ಕದು, ಕಪ್ಪು, ಕೂದಲಿನ ಎಳೆಯಲ್ಲಿ ಪೋಣಿಸಿಕೊಂಡಿತ್ತು. ಮನೆಯವರಿಗೆ ಅದನ್ನು ನೋಡಿ ಗಾಬರಿ, ನನಗೆ ಸಮಾಧಾನ. ನಿಂತ ಕರುಳು ಮತ್ತೆ ಹೊರಟಾಗ ಮೊದಲು ಬರುವುದು ಹಾಗೇ ಇರುತ್ತದೆ.

ಸಿರಿಂಜಿನಲ್ಲಿ ತಿನ್ನಿಸುವುದನ್ನು ಹುಡುಗಿಗೆ ಕೈಹಿಡಿದು ತೋರಿಸಿದೆವು. ಟವೆಲ್ ಸುತ್ತಿ, ನಾಲ್ಕೂ ಕಾಲು ನೆಲಕ್ಕೆ ತಾಗುವಂತೆ ಕೂರಿಸಬೇಕು. ಬೆನ್ನ ಮೇಲೆ ಮಲಗಿಸಬಾರದು, ತಲೆಯನ್ನು ಹಿಂದಕ್ಕೆ ಬಗ್ಗಿಸಬಾರದು. ಬಾಚಿಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಖಾಲಿ ಜಾಗ ಇದೆ, ಪಕ್ಕದಿಂದ ಅಲ್ಲಿಗೆ ಸಿರಿಂಜಿನ ತುದಿ ಇಡಬೇಕು. ಸ್ವಲ್ಪ ಹಾಕಿ, ಅಗಿಯುವುದನ್ನು ನೋಡಿ, ನುಂಗಿದ ಮೇಲೆ ಮತ್ತೆ ಸ್ವಲ್ಪ. ಅವಸರ ಮಾಡಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಎಷ್ಟು, ಎಷ್ಟು ಸಲ ಎನ್ನುವುದನ್ನು ತೂಕ ನೋಡಿ ಬರೆದುಕೊಟ್ಟೆವು. ಒಣಹುಲ್ಲು ಮತ್ತು ಸೊಪ್ಪು ಯಾವಾಗಲೂ ಮುಂದೆ ಇರಲಿ, ಎಲ್ಲವೂ ನಿಂತಿರುವಾಗ ಒಂದು ಎಸಳು ತಿಂದರೂ ಅದು ಲೆಕ್ಕಕ್ಕೆ ಬರುತ್ತದೆ ಎಂದೆ.

ಬೂದಿ ಚೇತರಿಸಿಕೊಂಡಿತು. ಮೊದಲು ಸೊಪ್ಪು, ಆಮೇಲೆ ಪೆಲೆಟ್. ಮನೆಯಲ್ಲಿ ಹಬ್ಬದಂಥ ಸಂತೋಷ.

ಒಣಹುಲ್ಲು ಮಾತ್ರ ಹಾಗೇ ಉಳಿಯುತ್ತಿತ್ತು.

ಮುಂದೂಡಿದ ನಿರ್ಧಾರ

ನಾನು ಅರಿವಳಿಕೆ ಕೊಟ್ಟು ಹಲ್ಲು ನೋಡುವ ಮಾತೆತ್ತಿದಾಗ ಮನೆಯವರು ಹಿಂಜರಿದರು. "ಈಗ ತಿನ್ನುತ್ತಿದೆಯಲ್ಲ, ಮತ್ತೆ ಯಾಕೆ ತೊಂದರೆ ಕೊಡೋದು? ಅರಿವಳಿಕೆ ಕೊಟ್ಟು ಏನಾದರೂ ಆದರೆ?" ಎಂದು ಅಮ್ಮ ಕೇಳಿದರು. ಅವರ ಭಯಕ್ಕೆ ಆಧಾರವಿತ್ತು. ಮೊಲಗಳಿಗೆ ಅರಿವಳಿಕೆಯ ಅಪಾಯ ನಾಯಿ, ಬೆಕ್ಕುಗಳಿಗಿಂತ ಹೆಚ್ಚೇ. ಸಾವಿನ ಬಾಗಿಲಿನಿಂದ ವಾಪಸ್ ಬಂದ ಪ್ರಾಣಿಯನ್ನು ಮತ್ತೆ ಅಪಾಯಕ್ಕೆ ಒಡ್ಡಲು ಯಾರಿಗೆ ಮನಸ್ಸು ಬರುತ್ತದೆ? ಒತ್ತಾಯ ಮಾಡಲು ನನ್ನ ಹತ್ತಿರ ಪುರಾವೆಯೂ ಇರಲಿಲ್ಲ, ಅನುಮಾನ ಮಾತ್ರ ಇತ್ತು.

ಹಾಗಾಗಿ ಒಂದು ನಡುದಾರಿ ಹಿಡಿದೆವು. ಒಂದು ಪುಸ್ತಕ ಇಡಿ ಎಂದೆ. ವಾರಕ್ಕೆರಡು ಸಲ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಜಾಲರಿಯ ಆಚೀಚೆ ಪ್ರತ್ಯೇಕ ಊಟ, ಬೂದಿ ಯಾವುದನ್ನು ಮೊದಲು ತಿಂದಿತು, ಯಾವುದನ್ನು ಬಿಟ್ಟಿತು ಎಂದು ಬರೆಯುವುದು. ಹಿಕ್ಕೆ ದೊಡ್ಡದೋ ಚಿಕ್ಕದೋ. ಗಲ್ಲ ಒಣಗಿದೆಯೋ ಒದ್ದೆಯೋ. ಅಷ್ಟೇ. ತೂಕ ಇಷ್ಟಕ್ಕಿಂತ ಕೆಳಗಿಳಿದರೆ ಕಾಯದೆ ಬರಬೇಕು ಎಂದು ಅಂದೇ ಮಾತಾಡಿಕೊಂಡೆವು. ಭಯ ಇಲ್ಲದ ಹೊತ್ತಿನಲ್ಲಿ ಗೆರೆ ಎಳೆದಿಟ್ಟರೆ ಭಯ ಬಂದ ಹೊತ್ತಿನಲ್ಲಿ ಚರ್ಚೆ ಮಾಡುತ್ತ ಕೂರಬೇಕಾಗಿಲ್ಲ.

ಇಡೀ ಪ್ರಕರಣ ತಿರುಗಿದ್ದು ಆ ಪುಸ್ತಕದಿಂದ. ಒಂದೊಂದು ದಿನದ ಬರಹ ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತಿತ್ತು. ಒಟ್ಟಿಗೆ ಓದಿದಾಗ ಬೇರೆಯೇ ಚಿತ್ರ. ಒಣಹುಲ್ಲು ಪ್ರತಿದಿನವೂ ಕೊನೆಗೆ. ಆಮೇಲೆ ಪೆಲೆಟ್ಟಿನಲ್ಲಿ ಗಟ್ಟಿಯಾದದ್ದನ್ನು ಬಿಟ್ಟು ಮುರಿದದ್ದನ್ನು ಆರಿಸಿ ತಿನ್ನುವುದು. ಸೊಪ್ಪಿನಲ್ಲಿ ಎಲೆ ತಿಂದು ದಂಟು ಬಿಡುವುದು. ಗಲ್ಲ ಒದ್ದೆ, ಒದ್ದೆ, ಒಣ, ಒದ್ದೆ. ತೂಕ ಪ್ರತಿ ಸಲ ಇಪ್ಪತ್ತು, ಮೂವತ್ತು ಗ್ರಾಂ ಕಡಿಮೆ. ತುಂಬುಗೂದಲಿನ ಮೈಯಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಗಟ್ಟಿಯದನ್ನು ಒಂದೊಂದಾಗಿ ಬಿಡುತ್ತ ಮೆತ್ತನೆಯದಕ್ಕೆ ಬರುವುದು ಹಲ್ಲುನೋವಿನ ದಾರಿ. ಗೆರೆ ದಾಟಿದ ದಿನ ಅಮ್ಮನೇ ಫೋನು ಮಾಡಿ, "ಡಾಕ್ಟ್ರೇ, ನೋಡಿಬಿಡೋಣ" ಎಂದರು. ಬೂದಿ ಆಗಿನ್ನೂ ತಿನ್ನುತ್ತಿತ್ತು, ಮೈ ಬೆಚ್ಚಗಿತ್ತು, ಕರುಳು ಓಡುತ್ತಿತ್ತು. ಅರಿವಳಿಕೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಕಾರಣ

ಅರಿವಳಿಕೆಗೆ ಮುಂಚೆ ಉಪವಾಸ ಇಡಬೇಕಲ್ವಾ ಎಂದು ಹುಡುಗಿ ಕೇಳಿದಳು. ಮೊಲಕ್ಕೆ ಹಾಗಿಲ್ಲ. ವಾಂತಿಯ ಭಯ ಇಲ್ಲ, ಖಾಲಿ ಹೊಟ್ಟೆಯೇ ಅಪಾಯ. ಹಾಗಾಗಿ ಬೆಳಗ್ಗೆಯೂ ತಿಂದು ಬಂತು.

ಎಡಗಡೆ ಕೆಳದವಡೆಯ ಒಂದು ಹಲ್ಲಿನ ಅಂಚು ನಾಲಿಗೆಯ ಕಡೆ ಮುಳ್ಳಿನಂತೆ ಬೆಳೆದಿತ್ತು. ಅದಕ್ಕೆ ಎದುರಾಗಿ ನಾಲಿಗೆಯ ಬದಿಯಲ್ಲಿ ಕೆಂಪಾದ ಹುಣ್ಣು. ಮೊಲದ 28 ಹಲ್ಲುಗಳೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ದವಡೆ ಹಲ್ಲುಗಳನ್ನು ಸವೆಸುವುದು ಒಣಹುಲ್ಲು, ಯಾಕೆಂದರೆ ಅದನ್ನು ಅಗಿಯುವಾಗ ದವಡೆ ಪಕ್ಕಕ್ಕೆ ಅರೆಯುತ್ತದೆ. ಹಲ್ಲು ಒಮ್ಮೆ ಓರೆಯಾದರೆ ಸವೆತ ತಪ್ಪುತ್ತದೆ, ಮುಳ್ಳು ಬೆಳೆಯುತ್ತದೆ. ಮುಳ್ಳು ಚುಚ್ಚುವುದರಿಂದ ಹುಲ್ಲು ಬಿಡುತ್ತದೆ, ಹುಲ್ಲು ಬಿಟ್ಟಿದ್ದರಿಂದ ಮುಳ್ಳು ಇನ್ನೂ ಬೆಳೆಯುತ್ತದೆ. ಹೊಸ ಹುಲ್ಲಿನ ರುಚಿ ಇದಕ್ಕೆ ಕಾರಣ ಆಗಿರಲಿಲ್ಲ. ಒದ್ದೆ ಗಲ್ಲ ಜೊಲ್ಲಿನದಾಗಿತ್ತು.

ಮುಳ್ಳನ್ನು ಬರ್ ಎಂಬ ಹಲ್ಲು ಉಜ್ಜುವ ಸಣ್ಣ ಸಾಧನದಿಂದ ಉಜ್ಜಿ ಸಮ ಮಾಡಿದೆವು. ತಲೆಯ ಎಕ್ಸ್‌ರೇಯಲ್ಲಿ ಕೆಳದವಡೆಯ ಬೇರುಗಳು ಸ್ವಲ್ಪ ಉದ್ದವಾದದ್ದು ಕಾಣಿಸಿತು. ಅಂದರೆ ಇದು ಒಂದು ಸಲಕ್ಕೆ ಮುಗಿಯುವ ತೊಂದರೆಯಲ್ಲ. ಗಿಡ್ಡ ಮುಖದ, ಜೋಲುಕಿವಿಯ ತಳಿಗಳಲ್ಲಿ ಇಂಥ ಹಲ್ಲಿನ ತೊಂದರೆ ಹೆಚ್ಚಾಗಿಯೇ ಕಾಣುತ್ತೇವೆ. ಸಂಜೆಯ ಹೊತ್ತಿಗೆ ಬೂದಿ ಸೊಪ್ಪು ತಿಂದಿತು. ನೋವಿನ ಔಷಧಿ ಕೆಲವು ದಿನ ಮುಂದುವರಿಸಿದೆವು. ಹುಣ್ಣು ಮಾಯ್ದ ಮೇಲೆ ಪುಸ್ತಕದಲ್ಲಿ ಒಂದು ಸಾಲು ಬಂತು: ಇವತ್ತು ಹುಲ್ಲು ಮೊದಲು.

ಈ ಪ್ರಕರಣದಿಂದ ನಾನು ಬೇರೆಯವರಿಗೆ ಹೇಳುವುದು

ಒಂದಕ್ಕಿಂತ ಹೆಚ್ಚು ಮೊಲ ಇದ್ದರೆ ದಿನಕ್ಕೊಮ್ಮೆ, ಅರ್ಧ ಗಂಟೆಯಾದರೂ, ಒಂದೊಂದನ್ನೂ ತಿನ್ನುವಾಗ ಪ್ರತ್ಯೇಕವಾಗಿ ನೋಡಿ. ಆ ರಾತ್ರಿ ಬಿಳಿ ಬಟ್ಟೆ ಹಾಸದಿದ್ದರೆ ಬೂದಿಯ ಸ್ಥಿತಿ ಬೆಳಗಿನವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೈ ಆಗಲೇ ತಣ್ಣಗಾಗಿದ್ದ ಮೊಲ ಅದು.

ಜಿಐ ಸ್ಟೇಸಿಸ್ ಅಂತ ಕೇಳಿದ ಮೇಲೆ ರೋಗದ ಹೆಸರು ಸಿಕ್ಕಿತು ಎಂದು ನಿಂತುಬಿಡಬೇಡಿ. ಅದು ಬೇರೆ ಯಾವುದೋ ತೊಂದರೆಯ ಫಲ. ಹಲ್ಲು, ಮೂತ್ರಕೋಶದ ಕಲ್ಲು, ಕೀಲುನೋವು, ಬಿಸಿಲಿನ ಝಳ, ನಾರು ಕಡಿಮೆಯಾದ ಆಹಾರ, ಜೊತೆಗಾರನ ಸಾವು, ಯಾವುದೂ ಆಗಬಹುದು. ಕರುಳು ಹೊರಟ ಮೇಲೆ "ಯಾಕೆ ನಿಂತಿತ್ತು?" ಎಂದು ನಿಮ್ಮ ವೈದ್ಯರನ್ನು ಕೇಳಿ. ಸಂಕೋಚ ಬೇಡ.

ಅರಿವಳಿಕೆಯ ಬಗ್ಗೆ ಮನೆಯವರು ಹೆದರಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಹೆದರಿಕೆಯ ಜೊತೆಗೆ ತೂಕದ ಗೆರೆಯನ್ನೂ ಒಪ್ಪಿಕೊಂಡರಲ್ಲ, ಅದರಿಂದ ಎರಡನೇ ಸಲದ ತುರ್ತುರಾತ್ರಿ ತಪ್ಪಿತು.

ಬೂದಿಗೆ ಆಮೇಲೆ ಮತ್ತೊಮ್ಮೆ ಹಲ್ಲು ಉಜ್ಜಬೇಕಾಯಿತು. ಈ ಸಲ ಪೆಲೆಟ್ ಬಿಡುವ ಹಂತಕ್ಕೆ ಬರುವ ಮುಂಚೆಯೇ, ಹುಲ್ಲು ಹಿಂದೆ ಸರಿದಾಗಲೇ ಕರೆತಂದರು. ಮುಳ್ಳು ಚಿಕ್ಕದಿತ್ತು, ನಾಲಿಗೆಗೆ ಗಾಯ ಆಗಿರಲಿಲ್ಲ. ಆ ಹಲ್ಲನ್ನೇ ತೆಗೆದುಬಿಡಬಹುದಾ ಎಂದು ಈಗ ಮನೆಯವರು ಕೇಳುತ್ತಿದ್ದಾರೆ. ದವಡೆ ಹಲ್ಲು ಕೀಳುವುದು ಮೊಲದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ. ಎದುರಿನ ಹಲ್ಲು ಸವೆಯದೆ ಬೆಳೆಯುವ ತೊಂದರೆಯೂ ಜೊತೆಗೆ ಬರುತ್ತದೆ. ಬೇರಿನ ಹತ್ತಿರ ಕೀವು ಕಟ್ಟದೆ ಇರುವವರೆಗೆ ಉಜ್ಜುವುದನ್ನೇ ಮುಂದುವರಿಸೋಣ, ಮುಂದಿನ ಎಕ್ಸ್‌ರೇ ನೋಡಿ ಮತ್ತೆ ಮಾತಾಡೋಣ ಎಂದಿದ್ದೇನೆ.